ಜಪಾನೀ ಗಿಟಾರೂ ಚೌಕಾಶಿಯ ಧರ್ಮವೂ

ನಮ್ಮ ಭಾಗದ ಹುಡುಗನು ಅಕ್ಷರ ಕಲಿಯುವುದಕ್ಕಿಂತ ಮೊದಲೇ ಚೌಕಾಶಿ ಕಲಿತಿರುತ್ತಾನೆ. ಅವ್ವನ ಸೆರಗು ಹಿಡಿದು ವಾರದ ಸಂತೆಗೆ ಹೋದವನಿಗೆ, ಬದನೆಕಾಯಿಯವಳು ನಾಲ್ವತ್ತು ಎಂದರೆ ಇಪ್ಪತ್ತಕ್ಕೆ ಕೇಳಬೇಕು, ಮೂವತ್ತಕ್ಕೆ ಕುದುರುವ ಮೊದಲು ಎರಡು ಸಲವಾದರೂ ಬೆನ್ನು ತಿರುಗಿಸಿ ನಡೆದಂತೆ ಮಾಡಬೇಕು ಎಂಬ ಶಾಸ್ತ್ರವು ಯಾರೂ ಹೇಳಿಕೊಡದೆಯೇ ತಿಳಿದುಬಿಡುತ್ತದೆ. ಮನೆಗೆ ಬಂದ ಮೇಲಂತೂ ಕೊಂಡ ವಸ್ತುವಿನ ಗುಣಕ್ಕಿಂತ ಕೊಂಡ ದರದ ವರ್ಣನೆಯೇ ಹೆಚ್ಚು ಹೊತ್ತು ನಡೆಯುತ್ತದೆ. ಇದನ್ನು ನಾನು ಆಕ್ಷೇಪಿಸುವವನಲ್ಲ. ಕೈಯಲ್ಲಿ ಕಾಸು ಕಡಿಮೆಯಿದ್ದವರು ಬದುಕಿಗಾಗಿ ಕಲಿತ ವಿದ್ಯೆ ಅದು. ಆದರೆ ಚೌಕಾಶಿಯಲ್ಲಿ ಕೊಳ್ಳುವವನೂ ಮಾರುವವನೂ ಇಬ್ಬರೂ ಬದನೆಕಾಯಿ ಎಂದರೇನೆಂಬುದನ್ನು ಬಲ್ಲವರಾಗಿರುತ್ತಾರೆ. ಒಬ್ಬನು ಬಲ್ಲ, ಇನ್ನೊಬ್ಬನು ಅರಿಯ ಎಂಬ ಸಂದರ್ಭ ಬಂದಾಗ ಏನು ಮಾಡಬೇಕು? ಈ ಪ್ರಶ್ನೆಯು ಈ ವರ್ಷ ನಮ್ಮ ವಸತಿ ನಿಲಯದ ಮೂರನೆಯ ಕೋಣೆಯಲ್ಲಿ ಹಲವು ರಾತ್ರಿಗಳ ನಿದ್ರೆಯನ್ನು ನುಂಗಿತು. ನಾನು ಆ ವಾದದಲ್ಲಿ ಒಂದು ಪಕ್ಷ ಹಿಡಿದವನು. ಹಿಡಿದ ಪಕ್ಷವನ್ನು ಇಲ್ಲಿ ವಾಚಕ ಮಿತ್ರರ ಮುಂದೆಯೂ ಗುರುಗಳ ಮುಂದೆಯೂ ಇಡುತ್ತೇನೆ.

ವಾದಕ್ಕೆ ಕಾರಣವಾದದ್ದು ಒಂದು ಗಿಟಾರು. ದಸರೆಯ ಸೂಟಿಯಲ್ಲಿ ನಾವು ನಾಲ್ಕು ಜನ ಇತಿಹಾಸದ ವಿದ್ಯಾರ್ಥಿಗಳು ಜಿಲ್ಲೆಯನ್ನು ಒಂದು ಸುತ್ತು ಹಾಕೋಣವೆಂದು ಹೊರಟಿದ್ದೆವು. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳ ಅಶೋಕನ ಶಾಸನಗಳು, ಯಲಬುರ್ಗಾ ಸೀಮೆಯ ಕುಕನೂರಿನ ನವಲಿಂಗ ಗುಡಿ, 1112ರಲ್ಲಿ ಕಟ್ಟಿದ ಇಟಗಿಯ ಮಹಾದೇವ ದೇವಾಲಯ, ಕೊನೆಗೆ ಆನೆಗೊಂದಿ, ಹೀಗೆ ನಮ್ಮ ಯೋಜನೆ. ಇವುಗಳ ವಿಷಯ ಬೇರೆ ಮಿತ್ರರು ಇದೇ ಸಂಚಿಕೆಯಲ್ಲಿ ಬರೆಯುವರೆಂದು ಕೇಳಿದ್ದೇನೆ, ಆದಕಾರಣ ಅತ್ತ ಹೋಗುವುದಿಲ್ಲ. ಆನೆಗೊಂದಿಯಿಂದ ಗಂಗಾವತಿಗೆ ಬಂದಾಗ ಸಂಜೆಯ ಬಸ್ಸಿಗೆ ಇನ್ನೂ ಎರಡು ತಾಸು ಇತ್ತು. ಮೈಕ್ ಸೆಟ್ಟು ಬಾಡಿಗೆಗೆ ಕೊಡುವ, ಹಳೆಯ ಸಾಮಾನು ಕೊಂಡು ಮಾರುವ ಒಂದು ಸಣ್ಣ ಅಂಗಡಿಯ ಗೋಡೆಯ ಮೇಲೆ, ಹರಿದ ಹಾರ್ನುಗಳ ನಡುವೆ, ಕೆಂಪು ಬಣ್ಣದ ಎಲೆಕ್ಟ್ರಿಕ್ ಗಿಟಾರೊಂದು ನೇತಾಡುತ್ತಿತ್ತು.

ನಮ್ಮೂರ ಕಡೆಗೆ ಗಿಟಾರು ಎಲ್ಲಿಂದ ಬಂತೆಂದು ಯಾರಾದರೂ ಕೇಳಬಹುದು. ಗಂಗಾವತಿ ತಾಲೂಕಿಗೆ ಸೇರಿದ ವಿರುಪಾಪುರ ಗಡ್ಡೆ, ತುಂಗಭದ್ರೆಯ ನಡುವೆ ಹಂಪಿಗೆ ಎದುರಾಗಿರುವ ದ್ವೀಪ, ಹಲವು ವರ್ಷ ಪರದೇಶದ ಪ್ರವಾಸಿಗರ ಬಿಡಾರವಾಗಿತ್ತೆಂಬುದು ಎಲ್ಲರಿಗೂ ಗೊತ್ತು. ಅಲ್ಲಿಯ ಕಟ್ಟಡಗಳು ಅನಧಿಕೃತವೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ಎತ್ತಿಹಿಡಿದ ತರುವಾಯ ಅವುಗಳನ್ನು ಕೆಡವಲಾಯಿತು. ತೀರ್ಪು ಸರಿಯೇ ತಪ್ಪೇ ಎಂಬ ಚರ್ಚೆ ಇಲ್ಲಿ ಬೇಡ. ಹಂಪಿಯ ಪರಿಸರ ಉಳಿಯಬೇಕೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಜೆಸಿಬಿ ಬಂದ ವಾರದಲ್ಲಿ ಅಲ್ಲಿಂದ ಗಾದಿ, ಫ್ಯಾನು, ಕುರ್ಚಿ, ಪಾತ್ರೆಗಳು ಸಿಕ್ಕ ಬೆಲೆಗೆ ಹೊರಬಿದ್ದವು. ಅವುಗಳ ಜೊತೆಯಲ್ಲಿ ಈ ಗಿಟಾರೂ ಬಂತೆಂದು ಅಂಗಡಿಯವನೇ ಹೇಳಿದ. ಯಾವನೋ ಪ್ರವಾಸಿ ಊರಿಗೆ ಹೋಗುವಾಗ ಅಡಿಗೆಮನೆಯ ಹುಡುಗನಿಗೆ ಬಿಟ್ಟುಹೋದದ್ದಂತೆ. ಹುಡುಗನು ಕೆಲಸ ಹೋದ ಮರುದಿನ ತಂದು ಮಾರಿದ.

ನನ್ನ ಸೋದರಮಾವನ ಮಗ ಹುಬ್ಬಳ್ಳಿಯಲ್ಲಿ ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದವನು. ಆದಕಾರಣ ಗಿಟಾರನ್ನು ಎತ್ತಿ ನೋಡುವಷ್ಟು ತಿಳುವಳಿಕೆ ನನಗಿತ್ತು. ಹೆಸರಿನ ಫಲಕ ಉದುರಿ ಎರಡು ಮೊಳೆಯ ತೂತು ಮಾತ್ರ ಉಳಿದಿದ್ದವು. ಹಿಂಬದಿಯಲ್ಲಿ ಕುತ್ತಿಗೆಯೂ ಒಡಲೂ ಕೂಡುವಲ್ಲಿ ನಾಲ್ಕು ಸ್ಕ್ರೂ ಬಿಗಿದ ತಗಡಿನ ಮೇಲೆ ‘ಮೇಡ್ ಇನ್ ಜಪಾನ್’ ಎಂದು ಒತ್ತಿತ್ತು. ಮುಂದೆ ಗೆರೆಗೆರೆಯ ಹೊಳಪಿನ ಲೋಹದ ಹಾಳೆ, ಮನೆಯ ದೀಪದ ಗುಂಡಿಯಂತೆ ಅತ್ತಿತ್ತ ಒತ್ತುವ ಸ್ವಿಚ್ಚುಗಳು. ಇಂಥ ರೂಪು 1960ರ ದಶಕದ ಜಪಾನೀ ಗಿಟಾರುಗಳದು. ಬಡಗಿಯು ಹಲಗೆಯನ್ನು ಒಂದು ಕಣ್ಣು ಮುಚ್ಚಿ ನೋಡುವಂತೆ ತಲೆಯ ಕಡೆಯಿಂದ ಕುತ್ತಿಗೆಯನ್ನು ನೋಡಿದೆ, ಬಾಗಿರಲಿಲ್ಲ. ಮೈಕಿನ ಆಂಪ್ಲಿಫಾಯರಿಗೆ ವೈರು ಚುಚ್ಚಿ, ತಂತಿಯ ಕೆಳಗಿನ ಪಿಕಪ್ಪಿನ ಮೇಲೆ ಸ್ಕ್ರೂಡ್ರೈವರಿನಿಂದ ತಟ್ಟಿದಾಗ ಹಾರ್ನಿನಿಂದ ‘ಟಪ್’ ಎಂದು ಸದ್ದು ಬಂತು. ಎರಡು ಪಿಕಪ್ಪುಗಳಲ್ಲಿ ಒಂದು ಸತ್ತಿತ್ತು, ಒಂದು ಬದುಕಿತ್ತು.

ಪಿಕಪ್ಪು ಎಂದರೇನೆಂದು ಕಲಾ ವಿಭಾಗದ ಮಿತ್ರರಿಗೆ ಎರಡು ಮಾತಿನಲ್ಲಿ ಹೇಳುತ್ತೇನೆ. ಅಯಸ್ಕಾಂತ, ಅದರ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯ ಸಾವಿರಾರು ಸುತ್ತು. ಮೇಲಿನ ಉಕ್ಕಿನ ತಂತಿ ನಡುಗಿದರೆ ಕಾಂತಕ್ಷೇತ್ರ ಕದಲುತ್ತದೆ, ಸುರುಳಿಯಲ್ಲಿ ಅಷ್ಟಿಷ್ಟು ವಿದ್ಯುತ್ತು ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ಕಂಡ ತತ್ವವಿದು. ಮುನಿರಾಬಾದಿನ ವಿದ್ಯುದಾಗಾರವೂ ಇದೇ ತತ್ವದ ಮೇಲೆ ನಡೆಯುತ್ತದೆ. ಅಲ್ಲಿ ತುಂಗಭದ್ರೆ ತಿರುಗಿಸುತ್ತಾಳೆ, ಇಲ್ಲಿ ಬೆರಳು ಮೀಟುತ್ತದೆ.

“ಎಷ್ಟು ಕಾಕಾ?” ಎಂದೆ.

“ಹದಿನೈದು ನೂರು ಕೊಡು ತಮ್ಮಾ. ಗ್ವಾಡಿ ಮ್ಯಾಗ ಜಾಗಾ ಆದ್ರ ಸಾಕಾಗೈತಿ ನನಗ.”

ಗೆಳೆಯ ನನ್ನ ಕಾಲು ತುಳಿದ. ಅವನ ಕೈಯಲ್ಲಿ ಮೊಬೈಲಿತ್ತು. ಅದರಲ್ಲಿ ಅದೇ ಮುಖದ ಗಿಟಾರುಗಳು ಪರದೇಶದಲ್ಲಿ ಕೆಲವು ನೂರು ಡಾಲರಿಗೆ ಮಾರುತ್ತಿರುವುದು ಕಾಣುತ್ತಿತ್ತು. ತುಳಿದದ್ದರ ಅರ್ಥ ಸ್ಪಷ್ಟ: ಸಾವಿರಕ್ಕೆ ಕೇಳು, ಹನ್ನೆರಡು ನೂರಕ್ಕೆ ಕುದುರಿಸು, ಬಸ್ಸು ಹತ್ತು. ನಾನು ಮೊಬೈಲನ್ನು ಅವನಿಂದ ಇಸಿದುಕೊಂಡು ಅಂಗಡಿಯವನ ಮುಂದೆ ಹಿಡಿದೆ. “ಕಾಕಾ, ಇದು ಇಷ್ಟು ಬಾಳತದ. ಒಂದು ಪಿಕಪ್ ಸತ್ತೈತಿ, ರಿಪೇರಿ ಅದ. ನಾನು ಅಷ್ಟು ಕೊಡಾಕ ಆಗೂದಿಲ್ಲ. ನೀವ ವಿಚಾರ ಮಾಡಿ ಹೇಳ್ರಿ” ಎಂದೆ.

ಅವನು ಕಣ್ಣೊರೆಸಿಕೊಂಡು ನನ್ನನ್ನು ಅಪ್ಪಿಕೊಂಡನೆಂದು ಯಾರೂ ತಿಳಿಯಬಾರದು. ಕೂಡಲೆ ದರ ಏರಿಸಿದ. ಐದು ಸಾವಿರ ಎಂದ. ತರುವಾಯ ನಡೆದದ್ದು ಬದನೆಕಾಯಿಯ ಚೌಕಾಶಿಯೇ: ಎದ್ದು ಹೋದದ್ದು, ತಿರುಗಿ ಕರೆದದ್ದು, ಚಹಾ ಕುಡಿದದ್ದು. ಮೂರು ಸಾವಿರದ ಇನ್ನೂರಕ್ಕೆ ಕುದುರಿತು. ನಾಲ್ವರ ಹತ್ತಿರವಿದ್ದುದನ್ನೆಲ್ಲ ಕೂಡಿಸಿ ಕೊಟ್ಟೆವು; ಬಸ್ಸಿನ ಟಿಕೇಟಿಗೆ ಉಳಿದದ್ದೇ ಪುಣ್ಯ. ಅಂದಿನಿಂದ ನಿಲಯದಲ್ಲಿ ನನ್ನ ಹೆಸರು ಹರಿಶ್ಚಂದ್ರ.

ಈಗ ವಾದಕ್ಕೆ ಬರೋಣ. ಗೆಳೆಯನ ಪಕ್ಷ ದುರ್ಬಲವಾದುದಲ್ಲ. ಅವನು ಕಾಯಿದೆಯನ್ನೇ ತಂದು ಮುಂದಿಟ್ಟ. 1872ರ ಭಾರತೀಯ ಕರಾರು ಕಾಯಿದೆಯ 17ನೆಯ ಕಲಮಿನ ವಿವರಣೆಯ ಪ್ರಕಾರ, ಮಾತಾಡಲೇಬೇಕಾದ ಕರ್ತವ್ಯವಿಲ್ಲದ ಕಡೆ ಬರಿಯ ಮೌನವು ಮೋಸವಲ್ಲ. ಅಲ್ಲಿ ಕೊಟ್ಟ ಉದಾಹರಣೆಯೂ ವ್ಯಾಪಾರಿಗಳದೇ: ದರ ಬದಲಾದುದನ್ನು ಬಲ್ಲ ಒಬ್ಬ ವ್ಯಾಪಾರಿ ಅದನ್ನು ಇನ್ನೊಬ್ಬನಿಗೆ ತಿಳಿಸಬೇಕಾಗಿಲ್ಲ. ಹಾಗಾದರೆ ಹನ್ನೆರಡು ನೂರು ಕೊಟ್ಟು ಸುಮ್ಮನೆ ಬರುವುದು ನ್ಯಾಯವೇ ಆಯಿತು. ಅವನ ಎರಡನೆಯ ಮಾತು ಇನ್ನೂ ಹರಿತವಾದದ್ದು. “ಆ ಅಂಗಡಿಯವ ಹುಡುಗನ ಹತ್ರ ಕೊಂಡಾಗ ಹಿಂಗ ಮೊಬೈಲ್ ತೋರಿಸಿದ್ನೇನು?” ಎಂದು ಕೇಳಿದ.

ಮೊದಲನೆಯ ಮಾತಿಗೆ ಉತ್ತರ ಹಳೆಯದು. ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಸಿಸೆರೊ ತನ್ನ ಕರ್ತವ್ಯಗಳ ಕುರಿತಾದ ಗ್ರಂಥದಲ್ಲಿ ಇದೇ ಪ್ರಶ್ನೆಯನ್ನು ಎತ್ತಿದ್ದಾನೆ. ರೋಡ್ಸ್ ದ್ವೀಪದಲ್ಲಿ ಬರ. ಅಲೆಕ್ಸಾಂಡ್ರಿಯದಿಂದ ಒಬ್ಬ ವ್ಯಾಪಾರಿ ಧಾನ್ಯದ ಹಡಗು ತಂದಿದ್ದಾನೆ. ಹಿಂದೆಯೇ ಇನ್ನೂ ಅನೇಕ ಹಡಗುಗಳು ಬರುತ್ತಿರುವುದು ಅವನಿಗೆ ಗೊತ್ತು, ಊರವರಿಗೆ ಗೊತ್ತಿಲ್ಲ. ಹೇಳಬೇಕೇ, ಸುಮ್ಮನಿದ್ದು ಏರಿದ ದರಕ್ಕೆ ಮಾರಬೇಕೇ? ಡಯೋಜೆನೀಸ್ ಎಂಬ ತತ್ವಜ್ಞ, ಕಾಯಿದೆ ಕೇಳಿದ್ದನ್ನು ಹೇಳಿದರೆ ಸಾಕೆಂದ. ಅವನ ಶಿಷ್ಯ ಆಂಟಿಪೇಟರ್, ಎಲ್ಲವನ್ನೂ ಬಿಚ್ಚಿಡಬೇಕೆಂದ. ಸಿಸೆರೊ ಶಿಷ್ಯನ ಕಡೆಗೆ ನಿಂತ. ಭತ್ತದ ಪೇಟೆಯಾದ ಗಂಗಾವತಿಯವರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಸುಗ್ಗಿಯಲ್ಲಿ ಸಾಲದವನು ಬಾಗಿಲಲ್ಲಿ ಕುಳಿತಿರುವಾಗ ರೈತನು ಮಾರುವ ದರವೆಷ್ಟು, ನಾಲ್ಕು ತಿಂಗಳಾದ ಮೇಲೆ ಅದೇ ಭತ್ತದ ದರವೆಷ್ಟು ಎಂಬುದನ್ನು ನಮ್ಮ ಮನೆಮನೆಯೂ ಬಲ್ಲದು. ಆಗ ವ್ಯಾಪಾರಿಯು ಯಾವ ಕಾಯಿದೆಯನ್ನೂ ಮುರಿದಿರುವುದಿಲ್ಲ. ಆದರೂ ನಮ್ಮಪ್ಪಂದಿರು ಅವನನ್ನು ಹೊಗಳಿದ್ದನ್ನು ನಾನು ಕೇಳಿಲ್ಲ. ನಮ್ಮ ಅಪ್ಪನಿಗೆ ಆದಾಗ ಅನ್ಯಾಯವಾದದ್ದು, ನಾವು ಮಾಡುವಾಗ ಜಾಣತನವಾಗುವುದು ಹೇಗೆ?

ಎರಡನೆಯ ಮಾತಿಗೆ ಅಷ್ಟು ಸುಲಭದ ಉತ್ತರವಿಲ್ಲ. ಅಂಗಡಿಯವನು ಹುಡುಗನಿಗೆ ಎಂಟುನೂರು ಕೊಟ್ಟಿದ್ದನಂತೆ; ತಾನೇ ಹೇಳಿದ. ಗಿಟಾರಿನ ನಿಜವಾದ ಬೆಲೆ ಅವನಿಗೂ ಗೊತ್ತಿರಲಿಲ್ಲ, ಆದ್ದರಿಂದ ಮುಚ್ಚಿಟ್ಟನೆನ್ನಲಾಗದು. ಹಾಗಿದ್ದರೂ ಕಳೆದುಕೊಂಡವನು ಯಾರು? ಅಂಗಡಿಯವನಲ್ಲ, ಮರುದಿನದ ಊಟಕ್ಕೆ ದಾರಿಯಿಲ್ಲದೆ ತಂದು ಮಾರಿದ ಆ ಹುಡುಗ. ನನಗೆ ತೋರುವುದಿಷ್ಟು: ಎಲ್ಲಿ ಒಂದು ವಸ್ತು ಆಶ್ಚರ್ಯಪಡುವಷ್ಟು ಅಗ್ಗವಾಗಿ ಸಿಗುತ್ತದೆಯೋ ಅಲ್ಲಿ ಹುಡುಕಿದರೆ, ಯಾರೋ ಒಬ್ಬರ ಅಜ್ಞಾನಕ್ಕಿಂತ ಹೆಚ್ಚಾಗಿ ಯಾರೋ ಒಬ್ಬರ ಅವಸರ ಸಿಗುತ್ತದೆ. ಹುಡುಗ ಈಗ ಸಾಣಾಪುರದ ಕಡೆ ಹೋಟೆಲಿನಲ್ಲಿದ್ದಾನೆ, ಆಗಾಗ ಬರುತ್ತಾನೆ ಎಂದು ಅಂಗಡಿಯವನು ಹೇಳಿದಾಗ, ಅವನಿಗೂ ಏನಾದರೂ ಮುಟ್ಟಿಸಿರೆಂದು ಕೇಳಿದೆ. ಅವನು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ; ಗಿಟಾರಿಗೆ ಹಳೆಯ ಚಾದರ ಸುತ್ತಿಕೊಟ್ಟ.

ಗೆಳೆಯನ ಪಕ್ಷಕ್ಕೆ ಒಂದು ರಿಯಾಯಿತಿ ಕೊಡುತ್ತೇನೆ. ಮುಂಬಯಿಯ ಚೋರ್ ಬಜಾರಿನಲ್ಲಿ ಹಳೆಯ ವಸ್ತುಗಳಲ್ಲೇ ಕೂದಲು ಹಣ್ಣು ಮಾಡಿಕೊಂಡ ವ್ಯಾಪಾರಿಯ ಮುಂದೆ ನಾನು ಬಾಯಿ ಬಿಡಬೇಕಾಗಿಲ್ಲ. ಬೆಲೆ ತಿಳಿಯುವುದು ಅವನ ಕಸುಬು. ಅವನು ನನಗಿಂತ ಬಲ್ಲವನು. ತನ್ನ ಕಸುಬಲ್ಲದ ವಸ್ತುವನ್ನು ಕೈಯಲ್ಲಿ ಹಿಡಿದವನ ಮಾತೇ ಬೇರೆ. ಗಂಡನ ಪೇಟಿಯನ್ನು ಮಾರಲು ತಂದ ವಿಧವೆಯ ಮಾತು ಇನ್ನೂ ಬೇರೆ. ಇವರೆಲ್ಲರಿಗೂ ಒಂದೇ ನಿಯಮ ಹೇಳುವವನು ಯಾವ ಸಂತೆಯನ್ನೂ ಕಂಡವನಲ್ಲ.

ಇದರೊಡನೆ ಇನ್ನೊಂದು ವಿಚಿತ್ರವನ್ನೂ ಗಮನಿಸಬೇಕು. ಮಾಲಿನಲ್ಲಿ ಚೀಟಿ ಹಚ್ಚಿದ ಬೆಲೆಗೆ ಬಾಯಿ ಮುಚ್ಚಿಕೊಂಡು ಹಣ ಎಣಿಸುವ ನಾವು, ಕಿನ್ನಾಳದಲ್ಲಿ ಗೊಂಬೆ ಮಾಡುವವರ ಜಗಲಿಯ ಮೇಲೆ ಕುಳಿತು ಅರ್ಧ ದರಕ್ಕೆ ಕೇಳುತ್ತೇವೆ. ಹಗುರ ಮರವನ್ನು ಕೆತ್ತಿ, ಗೋಣಿಯ ನಾರು, ಕಟ್ಟಿಗೆಯ ಪುಡಿ, ಹುಣಿಸೆಬೀಜದ ಅಂಟು ಕಲಸಿದ ಕಿಟ್ಟದಿಂದ ತುಂಬಿ, ಬಣ್ಣ ಕೊಡುವ ಆ ಕೆಲಸಕ್ಕೆ ಎಷ್ಟು ದಿನ ಹಿಡಿಯುತ್ತದೆಂದು ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ? ಕಿನ್ನಾಳ ನಮ್ಮ ಕಾಲೇಜಿನಿಂದ ಒಂದು ಬಸ್ಸಿನ ದಾರಿ.

ಇನ್ನು ಗಿಟಾರೇ ಏಕೆ, ಅದೂ ಜಪಾನಿನದು, ಅದೂ ವಿದ್ಯುತ್ತಿನದು, ನಮ್ಮ ನೆಲಕ್ಕೆ ಒಗ್ಗುವುದೇ ಎಂದು ಹಿರಿಯರೊಬ್ಬರು ಸ್ಟಾಫ್ ರೂಮಿನಲ್ಲಿ ಕೇಳಿದರಂತೆ. ಅವರ ಬಗ್ಗೆ ನನಗೆ ಗೌರವವಿದೆ. ಆದರೆ ನಮ್ಮ ಗುಡಿಗಳಲ್ಲಿ ಭಜನೆಗೆ ಆಧಾರವಾದ ಪೇಟಿಯು 1840ರ ದಶಕದ ಪ್ಯಾರಿಸಿನ ಸಂತಾನ. ಅದನ್ನು ನಮ್ಮ ಸಂಗೀತಕ್ಕೆ ಒಗ್ಗದೆಂದು ಆಕಾಶವಾಣಿಯು 1940ರಲ್ಲಿ ಹೊರಗಿಟ್ಟು, ಸುಮಾರು ಮೂರು ದಶಕಗಳ ಮೇಲೆ ಒಳಗೆ ಬಿಟ್ಟುಕೊಂಡಿತು. ಆ ಹೊತ್ತಿಗೆ ನಾಟಕ ಕಂಪನಿಗಳೂ ಭಜನಾ ಮೇಳಗಳೂ ಅದನ್ನು ತಮ್ಮದನ್ನಾಗಿ ಮಾಡಿಕೊಂಡಾಗಿತ್ತು. ಗದುಗಿನ ಪುಟ್ಟರಾಜ ಗವಾಯಿಗಳು (1914–2010) ಪೇಟಿಯನ್ನೂ ಪಿಟೀಲನ್ನೂ ಸಾರಂಗಿಯಷ್ಟೇ ಪ್ರೀತಿಯಿಂದ ನುಡಿಸಿದವರು. ಗಿಟಾರಿನ ವಿಷಯದಲ್ಲಿಯೂ ಹಾಗೆಯೇ. ಬ್ರಿಜ್‌ಭೂಷಣ ಕಾಬ್ರಾ ಅವರು ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು ರಾಗ ನುಡಿಸಿದರು. ವಿಶ್ವಮೋಹನ ಭಟ್ಟರು ಅದಕ್ಕೆ ಅನುರಣನದ ತಂತಿಗಳನ್ನು ಕೂಡಿಸಿ ಮೋಹನವೀಣೆ ಮಾಡಿ 1994ರಲ್ಲಿ ಗ್ರ್ಯಾಮಿ ಪಾರಿತೋಷಕ ಪಡೆದರು.

ಜಪಾನು ನಮಗೆ ಹೊಸದೆನ್ನುವವರಿಗೆ ಜಾತ್ರೆಯ ಬುಲ್‌ಬುಲ್ ತರಂಗವನ್ನು ನೆನಪಿಗೆ ತರುತ್ತೇನೆ. ಟೈಪ್‌ರೈಟರಿನಂಥ ಗುಂಡಿಗಳನ್ನು ಒತ್ತಿ ತಂತಿ ಮೀಟುವ ಆ ವಾದ್ಯದ ಮೂಲ, 1912ರಲ್ಲಿ ನಗೋಯದ ಮೊರಿತಾ ಗೊರೊ ಎಂಬಾತನು ಮಾಡಿದ ತೈಶೋಗೊಟೊ. ಅದಕ್ಕೆ ಯಾರೂ ಪಾಸ್‌ಪೋರ್ಟು ಕೇಳಲಿಲ್ಲ.

ಜಪಾನೀಯರೂ ಈ ವಾದ್ಯಗಳನ್ನು ಪರರಿಂದಲೇ ಕಲಿತವರು, ಕಲಿತ ರೀತಿ ಮಾತ್ರ ನಾವು ನೋಡತಕ್ಕದ್ದು. 1887ರಲ್ಲಿ ಹಮಾಮತ್ಸುವಿನ ಒಂದು ಪ್ರಾಥಮಿಕ ಶಾಲೆಯ ಪರದೇಶದ ಆರ್ಗನ್ನು ಕೆಟ್ಟಿತು. ರಿಪೇರಿಗೆ ಬಂದ ಯಮಾಹಾ ತೊರಾಕುಸು ಎಂಬ ಕಸುಬುದಾರನು ಬಿಚ್ಚಿ ನೋಡಿ, ಅಂಥದನ್ನು ತಾನೇ ಮಾಡಬಲ್ಲೆನೆಂದು ಮಾಡಿದ. ಮಾಡಿದ್ದನ್ನು ಜೊತೆಗಾರನೊಡನೆ ಹೆಗಲ ಮೇಲೆ ಹೊತ್ತು, ಹಕೋನೆಯ ಬೆಟ್ಟ ದಾಟಿ, ಪರೀಕ್ಷೆಗೆ ಟೋಕಿಯೋಗೆ ಒಯ್ದ. ಸ್ವರ ಸರಿಯಿಲ್ಲವೆಂದರು, ಅಲ್ಲಿಯೇ ಉಳಿದು ಸ್ವರಶಾಸ್ತ್ರ ಕಲಿತು ಮತ್ತೆ ಮಾಡಿದ. ಯುದ್ಧದಲ್ಲಿ ಸೋತ ಮರುವರ್ಷವೇ, 1946ರಲ್ಲಿ, ಟೋಕಿಯೋದಲ್ಲಿ ಟೈಸ್ಕೋ ಸಂಸ್ಥೆ ಹುಟ್ಟಿತು. 1960ರ ದಶಕದಲ್ಲಿ ಇಂಥ ಸಂಸ್ಥೆಗಳ ಗಿಟಾರುಗಳು ಹಡಗುಗಟ್ಟಲೆ ಅಮೇರಿಕೆಗೆ ಹೋದವು. ಕೊಳ್ಳುವ ಅಂಗಡಿ ಯಾವ ಹೆಸರು ಕೇಳಿತೋ ಆ ಹೆಸರನ್ನು ತಲೆಗೆ ಅಂಟಿಸಿ ಕಳಿಸುತ್ತಿದ್ದರು. ಅಗ್ಗದ ಮಾಲೆಂದು ಅಲ್ಲಿಯವರು ನಕ್ಕರು. ಬಡವರ ಮಕ್ಕಳು ಮಾತ್ರ ನಗದೆ ಕೊಂಡು ನುಡಿಸಿದರು. ಕೊನೆಗೆ ಮಾಲು ಮಿತಿಮೀರಿ, ಟೈಸ್ಕೋ 1967ರಲ್ಲಿ ಕವಾಯಿ ಸಂಸ್ಥೆಯ ಕೈ ಸೇರಿತು. ಅಂದು ನಗೆಗೀಡಾದ ಆ ಗಿಟಾರುಗಳನ್ನೇ ಇಂದು ಜನ ಹುಡುಕಿ ಹುಡುಕಿ ಕೊಳ್ಳುತ್ತಾರೆ.

ಸ್ಟಾಫ್ ರೂಮಿನ ಹಿರಿಯರಿಗೆ ಸಮಾಧಾನವಾಗುವ ಒಂದು ಸಂಗತಿಯೂ ಉಂಟು. 1965ರಲ್ಲಿ ಅಮೇರಿಕೆಯ ವೆಂಚರ್ಸ್ ತಂಡ ಜಪಾನಿಗೆ ಬಂದುಹೋದ ಮೇಲೆ ಅಲ್ಲಿಯ ಹುಡುಗರಿಗೆ ಗಿಟಾರಿನ ಹುಚ್ಚು ಹಿಡಿದು, ಅನೇಕ ಶಾಲೆಗಳು ಎಲೆಕ್ಟ್ರಿಕ್ ಗಿಟಾರನ್ನು ನಿಷೇಧಿಸಿದವು. ಹುಡುಗರು ಕೆಡುತ್ತಾರೆಂದು. ಅವರು ಎಷ್ಟು ಕೆಟ್ಟರೆಂಬುದನ್ನು ಆ ದೇಶದ ಮುಂದಿನ ಇತಿಹಾಸದಲ್ಲಿ ನೋಡಿಕೊಳ್ಳಬಹುದು.

ನನ್ನ ಕೊನೆಯ ಮಾತು ನಮ್ಮ ಗ್ಯಾದರಿಂಗಿಗೆ ಸಂಬಂಧಿಸಿದ್ದು. ಪ್ರತಿ ವರ್ಷ ಒಂದು ಸಂಜೆಗೆ ಡಿ.ಜೆ.ಯ ಬಾಡಿಗೆಗೆ ನಾವು ತೆರುವ ಹಣದಲ್ಲಿ ಒಂದು ಪೇಟಿ, ಒಂದು ಜೋಡಿ ತಬಲಾ, ಎರಡು ದಮ್ಮಡಿ ಬಂದು ಇನ್ನೂ ಉಳಿಯುತ್ತದೆ. ಡಿ.ಜೆ. ಬೆಳಗಾಗುವುದರೊಳಗೆ ಲಾರಿ ಹತ್ತಿ ಹೋಗುತ್ತದೆ. ಕಾಲೇಜಿನಲ್ಲಿ ಉಳಿಯುವುದು ಕುರ್ಚಿ ಮುರಿದ ಲೆಕ್ಕ. ನಮ್ಮ ತಾಲೂಕುಗಳ ಊರೂರಿನಲ್ಲಿ ನಾಟಕ ನಿಂತು ಅಟ್ಟ ಸೇರಿದ ಕಾಲು ಪೇಟಿಗಳಿವೆ, ಆರ್ಕೆಸ್ಟ್ರಾ ಬಿಟ್ಟವರ ಮನೆಯಲ್ಲಿ ಮಂಚದ ಕೆಳಗೆ ಬ್ಯಾಂಜೋಗಳಿವೆ. ಅವುಗಳನ್ನು ಜಿಮಖಾನೆಯು ಹುಡುಕಿ, ಮಾರುವವರಿಗೆ ನಿಜವಾದ ಬೆಲೆ ಹೇಳಿ, ಕೊಂಡು ರಿಪೇರಿ ಮಾಡಿಸಲಿ. ಕಾರ್ಯಾಲಯದ ಹಿಂದಿನ ಖಾಲಿ ಕೋಣೆಯ ಕೀಲಿಯನ್ನು ಸಂಜೆ ಎರಡು ತಾಸು ನಮ್ಮ ಕೈಗೆ ಕೊಡಲಿ. ಹುಡುಗರು ಡಿ.ಜೆ. ಬಿಟ್ಟಾರೆಯೇ ಎಂದರೆ, ಬಿಡಬೇಕೆಂದು ನಾನು ಕೇಳುತ್ತಿಲ್ಲ. ಒಂದು ವರ್ಷ ಅರ್ಧ ಹಣವನ್ನು ಇತ್ತ ಕೊಟ್ಟು ನೋಡಲಿ.

ಮೂರನೆಯ ಕೋಣೆಯ ಗಿಟಾರು ಈ ಕೋಣೆಗೆ ಮೊದಲನೆಯ ದೇಣಿಗೆ. ನಾಲ್ವರೂ ಒಪ್ಪಿದ್ದೇವೆ, ನನ್ನ ಕಾಲು ತುಳಿದವನೂ ಸೇರಿ. ಈಗ ಅವನೇ ಹೆಚ್ಚು ನುಡಿಸುತ್ತಾನೆ. ಸತ್ತ ಪಿಕಪ್ಪನ್ನು ಕುಷ್ಟಗಿಯಲ್ಲಿ ಕೊಳವೆಬಾವಿಯ ಮೋಟಾರು ಸುತ್ತುವವರೊಬ್ಬರಿಗೆ ತೋರಿಸಿದೆವು. ಕಣ್ಣಿಗೆ ಭೂತಗಾಜು ಹಿಡಿದು ಬಹಳ ಹೊತ್ತು ನೋಡಿ, ಇಷ್ಟು ಸಣ್ಣ ತಂತಿ ತಮ್ಮಲ್ಲಿ ಇಲ್ಲ, ತಂದುಕೊಟ್ಟರೆ ಸುತ್ತುತ್ತೇನೆ, ಕೂಲಿ ಬೇಡ, ಹಚ್ಚಿದ ಮೇಲೆ ತಂದು ಕೇಳಿಸಬೇಕು ಎಂದರು. ತಾಮ್ರದ ಅಂಥ ತಂತಿಯ ಉರುಳೆ ಯಾರ ಮನೆಯಲ್ಲಾದರೂ ಇದ್ದರೆ, ಅದರ ಬೆಲೆಯನ್ನು ಮೊದಲು ವಿಚಾರಿಸಿಕೊಂಡು, ಆಮೇಲೆ ನಮಗೆ ತಿಳಿಸಬೇಕಾಗಿ ವಿನಂತಿ.